ಸಾಲಗಾರರು ಯಾರು?

ಹೋದ ವರ್ಷ ನಮ್ಮ ಕೇರಿಗೆ ಒಂದು ಯೋಜನೆಯವರು ಬಂದರು. ಹೆಂಗಸರಿಗೆ ಕಸುಬು ಕಲಿಸುತ್ತೇವೆ, ಆರೋಗ್ಯದ ತಿಳಿವಳಿಕೆ ಕೊಡುತ್ತೇವೆ, ಸಣ್ಣಪುಟ್ಟ ಉದ್ಯಮ ಹಾಕಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುತ್ತೇವೆ ಅಂದರು. ಬಂದವರು ಒಳ್ಳೆಯವರೇ. ಕೊಟ್ಟ ನೀರನ್ನು ಕುಡಿದರು; ಅಷ್ಟರ ಮಟ್ಟಿಗೆ ಕಾಲ ಬದಲಾಗಿದೆ. ಅಂಬೇಡ್ಕರ್ ಭವನದ ಜಗಲಿ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಫಾರಂ ತುಂಬಿಸಿಕೊಂಡರು. ಹೆಸರು, ವಯಸ್ಸು, ಜಾತಿ, ಗಂಡನ ಹೆಸರು, ಜಮೀನು ಎಷ್ಟಿದೆ, ರೇಷನ್ ಕಾರ್ಡು ಯಾವುದು. ಆಮೇಲೆ ಒಂದು ಕಾಲಂ: ಗೊತ್ತಿರುವ ಕೌಶಲ್ಯ.

ನಮ್ಮ ದೊಡ್ಡವ್ವನ ಸರದಿ ಬಂತು. ಬರೆದುಕೊಳ್ಳುತ್ತಿದ್ದ ಹುಡುಗಿ ಕೇಳಿದಳು: 'ಅಮ್ಮಾ, ನಿಮಗೆ ಯಾವ ಕೌಶಲ್ಯ ಗೊತ್ತು?'

'ಅಂಗಂದ್ರೆ ಏನವ್ವಾ?'

'ಏನಾದ್ರೂ ಕೆಲಸ ಕಲ್ತಿದ್ದೀರಾ ಅಂತ. ಹೊಲಿಗೆ, ಕಸೂತಿ, ಬ್ಯೂಟಿ ಪಾರ್ಲರು, ಕಂಪ್ಯೂಟರು...'

'ಅಯ್ಯೋ ನಂಗೇನೂ ಬರಾಕಿಲ್ಲ ಕಣವ್ವ. ಕೂಲಿ ಮಾಡೋ ಜನ ನಾವು.'

ಹುಡುಗಿ ಬರೆದುಕೊಂಡಳು: ಇಲ್ಲ.

ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಈ ದೊಡ್ಡವ್ವ ಐವತ್ತು ವರ್ಷ ಊರಿನವರ ಗದ್ದೆಯಲ್ಲಿ ನಾಟಿ ಹಾಕಿದವಳು. ಬಿತ್ತನೆ ರಾಗಿ ಯಾವುದು, ತಿನ್ನುವ ರಾಗಿ ಯಾವುದು ಅಂತ ತೆನೆ ನೋಡಿಯೇ ಹೇಳುತ್ತಾಳೆ. ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಮಡಕೆಯಲ್ಲಿ ಮುಂದಿನ ಮಳೆಗಾಲದವರೆಗೆ ಹುಳ ಬೀಳದಂತೆ ಕಾಯುತ್ತಾಳೆ. ಹೊಲದ ಬದುವಿನಲ್ಲಿ ನಡೆದುಹೋಗುವಾಗ ಬೆರಕೆ ಸೊಪ್ಪು ಕಿತ್ತು ಮಡಿಲು ತುಂಬಿಸಿಕೊಂಡು ಬರುತ್ತಾಳೆ. ಯಾವ ಸೊಪ್ಪು ಬಾಣಂತಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಅವಳಿಗೆ ಗೊತ್ತು. ರಸ್ತೆ ಇಲ್ಲದ ಕಾಲದಲ್ಲಿ ಊರು ಕೇರಿ ಎರಡರಲ್ಲೂ ಹೆರಿಗೆ ಮಾಡಿಸಿದವಳು. ಊರೊಳಗಿನ ಮಗು ಭೂಮಿಗೆ ಬಿದ್ದಾಗ ಮೊದಲು ಮುಟ್ಟಿದ್ದು ಇವಳ ಕೈ. ಮಗುವಿಗೆ ನೀರು ಹಾಕಿದ ಮೇಲೆ ಅದೇ ಕೈ ಮೈಲಿಗೆಯಾಗುತ್ತಿತ್ತು.

ಇಷ್ಟು ಕಲಿತ ಕೈಯ ಮುಂದೆ 'ಇಲ್ಲ' ಅಂತ ಬರೆಯುವುದಕ್ಕೆ ಆ ಹುಡುಗಿಗೆ ಎರಡು ಸೆಕೆಂಡು ಸಾಕಾಯಿತು. ಅದಕ್ಕಿಂತ ಕಷ್ಟದ ಸಂಗತಿ ಅಂದರೆ ಆ 'ಇಲ್ಲ'ವನ್ನು ಮೊದಲು ಹೇಳಿದ್ದು ದೊಡ್ಡವ್ವನೇ. ನಮ್ಮ ತಾಯಂದಿರ ಬಾಯಲ್ಲೇ ಈ ಮಾತು ಬರುವಂತೆ ಮಾಡಿದ್ದು ಯಾರು? ಈ ಪ್ರಶ್ನೆ ಇಟ್ಟುಕೊಂಡು ನಾವು ಈ ಬರಹಕ್ಕೆ ಕೂತಿದ್ದೇವೆ.

*

ಕೌಶಲ್ಯ, ಯೋಗಕ್ಷೇಮ, ಸ್ವಾವಲಂಬನೆ. ಹೆಂಗಸರಿಗಾಗಿ ಬರುವ ಎಲ್ಲ ಯೋಜನೆಗಳ ಬಾಯಲ್ಲೂ ಈ ಮೂರು ಮಾತು ಇರುತ್ತವೆ. ಸರ್ಕಾರದ್ದಾಗಲಿ, ಮಠದ್ದಾಗಲಿ, ವಿದೇಶದ ದುಡ್ಡಿನದಾಗಲಿ, ಕಂಪನಿಯವರ ಸಮಾಜಸೇವೆಯಾಗಲಿ, ಮಾತು ಅವೇ. ಮೂರೂ ಒಳ್ಳೆಯ ಮಾತುಗಳೇ. ಆದರೆ ಒಳ್ಳೆಯ ಮಾತುಗಳನ್ನು ಕೇರಿಯ ಬಾಗಿಲಲ್ಲಿ ನಿಲ್ಲಿಸಿ ಎರಡು ಪ್ರಶ್ನೆ ಕೇಳಿ ಒಳಗೆ ಬಿಡುವುದು ನಮ್ಮ ಹಳೆಯ ಚಾಳಿ.

ಮೊದಲು ಕೌಶಲ್ಯ. 2015ರಲ್ಲಿ ಕೇಂದ್ರ ಸರ್ಕಾರ ಸ್ಕಿಲ್ ಇಂಡಿಯಾ ಅಂತ ದೊಡ್ಡದಾಗಿ ಶುರು ಮಾಡಿತು. ಅದಕ್ಕಿಂತ ಬಹಳ ಮೊದಲೇ ಈ ದೇಶದಲ್ಲಿ ಒಂದು ಕೌಶಲ್ಯ ಯೋಜನೆ ಇತ್ತು. ಅದರ ಹೆಸರು ಜಾತಿ. ಹುಟ್ಟಿದ ದಿನವೇ ಪ್ರವೇಶ, ತಾಯಿಯ ಮಡಿಲಲ್ಲೇ ತರಬೇತಿ, ಸಾಯುವವರೆಗೆ ಕೆಲಸ. ನಡುವೆ ಬಿಟ್ಟುಹೋಗುವ ಹಾಗಿಲ್ಲ. ಜಾತಿಯೆಂದರೆ ಬರೀ ಕೆಲಸದ ವಿಂಗಡಣೆ ಅಲ್ಲ, ಕೆಲಸ ಮಾಡುವ ಜನರನ್ನೇ ಒಬ್ಬರ ಮೇಲೊಬ್ಬರಂತೆ ವಿಂಗಡಿಸಿ ಇಟ್ಟಿರುವುದು ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಲಾಹೋರಿನ ಸಂಘಟಕರು ಆ ಭಾಷಣವನ್ನು ಕೇಳಿಸಿಕೊಳ್ಳಲಾರದೆ ಸಭೆಯನ್ನೇ ರದ್ದು ಮಾಡಿದಾಗ ಅದನ್ನು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅಂದಮೇಲೆ ನಮ್ಮ ಜನಕ್ಕೆ ಕಸುಬಿನ ಕೊರತೆ ಯಾವತ್ತೂ ಇರಲಿಲ್ಲ. ಕಸುಬು ನಮ್ಮ ಹತ್ತಿರ ಬಿಟ್ಟು, ಅದರ ಬೆಲೆಯನ್ನು ಕಟ್ಟುವ ಹಕ್ಕನ್ನು ಮಾತ್ರ ಬೇರೆಯವರು ಇಟ್ಟುಕೊಂಡರು.

ಇದಕ್ಕೆ ದೂರ ಹೋಗಬೇಕಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಶಾಲೆಗೆ ಹೋದವರಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಪ್ರಶಸ್ತಿ ಬರುವ ಮುಂಚೆ ಯಾವುದಾದರೂ ಯೋಜನೆಯ ಫಾರಂ ಅವರ ಮುಂದೆ ಬಂದಿದ್ದರೆ ಆ ಕಾಲಂನಲ್ಲಿ ಏನು ಬರೆಯುತ್ತಿದ್ದರು? ಯೋಚನೆ ಮಾಡಿ.

ಇನ್ನೊಂದು ಸಂಗತಿ. ಅಥಣಿ, ನಿಪ್ಪಾಣಿ ಕಡೆಯ ನಮ್ಮ ಜನ ತಲೆಮಾರುಗಳಿಂದ ತೊಗಲು ಹದ ಮಾಡಿ ಚಪ್ಪಲಿ ಹೊಲಿಯುತ್ತ ಬಂದವರು. ಅಟ್ಟೆ ಕೊಯ್ಯುವುದು ಗಂಡಸರ ಕೆಲಸ. ಮೇಲಿನ ಪಟ್ಟಿಯನ್ನು ಜಡೆ ಹೆಣೆದ ಹಾಗೆ ಹೆಣೆಯುವುದು, ತೂತು ಬಿಡಿಸುವುದು, ನಯವಾಗಿ ಹೊಲಿಯುವುದು ಬಹುಪಾಲು ಹೆಂಗಸರ ಕೆಲಸ. ಚಪ್ಪಲಿಯ ಅಂದವೆಲ್ಲ ಇರುವುದು ಆ ಹೆಣಿಗೆಯಲ್ಲೇ. ಆದರೆ ಹೆಣೆದ ಕೈಯ ದುಡಿಮೆ ಮನೆಗೆಲಸದ ಲೆಕ್ಕದಲ್ಲೇ ಕರಗಿಹೋಗುತ್ತಿತ್ತು. 1990ರ ದಶಕದ ಕೊನೆಯಿಂದ ಅಥಣಿಯ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ತಾವೇ ಮಾರುವುದಕ್ಕೆ ಹೊರಟ ಮೇಲೆ ಆ ಕೈಗೂ ಒಂದು ಲೆಕ್ಕ ಅಂತ ಶುರುವಾಯಿತು. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ಬರೀ ಚರ್ಮದ ಚಪ್ಪಲಿ ಅಂತ ತೋರಿಸಿತು. ಎಲ್ಲಿಯದು, ಯಾರದು ಅನ್ನುವ ಮಾತೇ ಇಲ್ಲ. ಗಲಾಟೆಯಾದ ಮೇಲೆ ಒಪ್ಪಿಕೊಂಡರು. ಅದೇ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವಾಗಿ, ಎರಡು ಸಾವಿರ ಜೊತೆ ಚಪ್ಪಲಿಯನ್ನು ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಪ್ರಕಟವಾಯಿತು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ.

ನೋಡಿ, ತೊಗಲು ಮುಟ್ಟಿದ್ದಕ್ಕೆ ಊರಾಚೆ ಇಟ್ಟಿದ್ದರು. ಅದೇ ತೊಗಲು ಅದೇ ಹೆಣಿಗೆಯಲ್ಲಿ ಮಿಲಾನಿಗೆ ಹೋದ ತಕ್ಷಣ ಕಲೆಯಾಯಿತು. ನಡುವೆ ಕೈಯ ಕೆಲಸ ಬದಲಾಗಲಿಲ್ಲ. ಬೆಲೆ ಹೇಳುವ ಬಾಯಿ ಬದಲಾಯಿತು. ಆದ್ದರಿಂದ 'ಕೌಶಲ್ಯ ಕಲಿಸುತ್ತೇವೆ' ಅಂತ ಬರುವವರಿಗೆ ನಮ್ಮ ಮೊದಲ ಪ್ರಶ್ನೆ: ಇರುವ ಕೌಶಲ್ಯಕ್ಕೆ ಬೆಲೆ ಕಟ್ಟುವ ಹಕ್ಕನ್ನು ಕೊಡಿಸುತ್ತೀರಾ?

ಹಾಗಂದರೆ ಹೊಸದು ಕಲಿಯಬಾರದು ಅಂತಲ್ಲ. ತಾತನ ಕಸುಬಿಗೇ ಅಂಟಿಕೊಳ್ಳಿ ಅನ್ನುವುದು ಜಾತಿಯ ಮಾತು, ನಮ್ಮದಲ್ಲ. ನಮ್ಮ ಹೆಣ್ಣುಮಕ್ಕಳು ಕಂಪ್ಯೂಟರೂ ಕಲಿಯಲಿ, ಟ್ರ್ಯಾಕ್ಟರೂ ಓಡಿಸಲಿ, ಹಳೆಯ ಕಸುಬನ್ನು ಬಿಟ್ಟೂ ಬಿಡಲಿ. ಬೇಡ ಅನ್ನಿಸಿದ ಕಸುಬನ್ನು ಬಿಡುವುದಕ್ಕೂ ಅವಳಿಗೆ ಹಕ್ಕಿದೆ. ಆದರೆ ಅವಳನ್ನು ಖಾಲಿ ಮಡಕೆ ಅಂದುಕೊಂಡು ತುಂಬಿಸಲು ಬರುವವರು ಮೊದಲು ಆ ಮಡಕೆಯಿಂದ ಇಷ್ಟು ವರ್ಷ ಉಂಡವರು ಯಾರು ಅಂತ ಹೇಳಬೇಕು.

*

ಇನ್ನು ಉದ್ಯಮ. ಐದಾರು ವರ್ಷದ ಹಿಂದೆ ನಮ್ಮ ಕೇರಿಯಲ್ಲಿ ಇನ್ನೊಂದು ಯೋಜನೆಯವರು ಹೊಲಿಗೆ ತರಬೇತಿ ನಡೆಸಿದ್ದರು. ಮೂರು ತಿಂಗಳು ಕಲಿಸಿದರು, ಹನ್ನೆರಡು ಜನಕ್ಕೆ ಸರ್ಟಿಫಿಕೇಟು, ಎಂಟು ಜನಕ್ಕೆ ಮೆಷಿನ್ನು. ಹುಡುಗಿಯರು ಚೆನ್ನಾಗಿಯೇ ಕಲಿತರು. ಆದರೆ ಬ್ಲೌಸು ಹೊಲಿಯುವುದಕ್ಕೆ ಅಳತೆ ತೆಗೆಯಬೇಕು. ಅಳತೆ ತೆಗೆಯುವುದಕ್ಕೆ ಮೈ ಮುಟ್ಟಬೇಕು. ಊರಿನ ಹೆಂಗಸರು ಜಗಳವನ್ನೇನೂ ಮಾಡಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಬರಲಿಲ್ಲ, ಅಷ್ಟೆ. ಒಬ್ಬಿಬ್ಬರು ಹಳೆ ಬ್ಲೌಸನ್ನು ಅಳತೆಗೆ ಅಂತ ಹುಡುಗರ ಕೈಲಿ ಕಳಿಸಿದರು. ಉಳಿದವರು ಏಳು ಮೈಲಿ ದೂರದ ಪೇಟೆಗೆ ಹೋಗಿ ಹೊಲಿಸಿಕೊಂಡರು. ಅರವತ್ತು ಮನೆಯ ಕೇರಿಗೆ ಎಂಟು ಮೆಷಿನ್ನು ಯಾಕೆ ಬೇಕು? ವರ್ಷ ಕಳೆಯುವುದರಲ್ಲಿ ಆರು ಮೆಷಿನ್ನಿನ ಮೇಲೆ ಟಿವಿ ಕೂತಿತ್ತು. ಯೋಜನೆಯ ವರದಿಯಲ್ಲಿ ಮಾತ್ರ 'ಎಂಟು ಮಂದಿ ಮಹಿಳಾ ಉದ್ಯಮಿಗಳು' ಅಂತ ಫೋಟೋ ಸಮೇತ ಅಚ್ಚಾಯಿತು.

ಮಾರುಕಟ್ಟೆಗೆ ಜಾತಿ ಇಲ್ಲ, ಮಾಲು ಚೆನ್ನಾಗಿದ್ದರೆ ಯಾರಾದರೂ ಕೊಳ್ಳುತ್ತಾರೆ ಅಂತ ನಮಗೆ ಪಾಠ ಹೇಳುವವರು ಇದನ್ನು ಒಂದು ಸಲ ನೋಡಬೇಕು.

ಪ್ರತಿ ತರಬೇತಿಯಲ್ಲೂ ಲಿಜ್ಜತ್ ಹಪ್ಪಳದ ಕಥೆ ಹೇಳುತ್ತಾರೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಇವತ್ತು ಅದರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ದುಡಿಯುತ್ತಾರೆ, ಎಲ್ಲರೂ ಪಾಲುದಾರರೇ. ಆ ತಾಯಂದಿರ ಶ್ರಮಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಕಥೆ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಹಪ್ಪಳ ಮಾರಬೇಕಾದರೆ ಹಿಟ್ಟು, ಉದ್ದು, ಕೈಚಳಕ ಸಾಲದು. ತಿನ್ನುವವರು ಒಪ್ಪುವ ವಿಳಾಸವೂ ಬೇಕು. ಕೇರಿಯ ಮಾಳಿಗೆಯಲ್ಲಿ ಒಣಗಿದ ಹಪ್ಪಳವನ್ನು ಊರು ತಿನ್ನುತ್ತದೆಯೇ? 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಹೆಂಗಸು ಅಡುಗೆಗೆ ಬಂದಳು ಅಂತ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಬಿಸಿಯೂಟ ಪುಕ್ಕಟೆ. ಪುಕ್ಕಟೆ ಅನ್ನವನ್ನೇ ಮುಟ್ಟದವರು ದುಡ್ಡು ಕೊಟ್ಟು ಉಪ್ಪಿನಕಾಯಿ ಕೊಳ್ಳುತ್ತಾರೆಯೇ?

ಉಪ್ಪಿನಕಾಯಿ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ಕೇರಿಯ ಸಂಘದವರು ತಾಲ್ಲೂಕಿನ ಮೇಳಕ್ಕೆ ನಿಂಬೆಕಾಯಿ ಉಪ್ಪಿನಕಾಯಿ ಹಾಕಿಕೊಂಡು ಹೋಗಿದ್ದರು. ಮಧ್ಯಾಹ್ನದವರೆಗೆ ವ್ಯಾಪಾರ ಚೆನ್ನಾಗಿತ್ತು. ಆಮೇಲೆ ಒಬ್ಬರು 'ಯಾವೂರು? ಊರಲ್ಲಿ ಯಾವ ಕಡೆ?' ಅಂತ ಕೇಳಿದರು. ಹೇಳಿದರು. ಕೈಗೆ ತಗೊಂಡಿದ್ದ ಬಾಟಲಿಯನ್ನು ಮೆಲ್ಲಗೆ ವಾಪಸು ಇಟ್ಟು 'ಆಮೇಲೆ ಬರ್ತೀವಿ' ಅಂತ ಹೋದರು. ಅವತ್ತು ರಾತ್ರಿ ಸಂಘದಲ್ಲಿ ದೊಡ್ಡ ಚರ್ಚೆ. ಬಾಟಲಿ ಮೇಲಿನ ಚೀಟಿಯಲ್ಲಿ ಕೇರಿಯ ಹೆಸರು ತೆಗೆದು ಯಾವುದಾದರೂ ದೇವರ ಹೆಸರು ಹಾಕೋಣ ಅಂತ ಕೆಲವರು. ಬೇಡ ಅಂತ ನಾವು. ಜಾತಿ ಮುಚ್ಚಿಟ್ಟು ಗಳಿಸಿದ ದುಡ್ಡು ಸ್ವಾಭಿಮಾನದ ದುಡ್ಡು ಹೇಗಾಗುತ್ತದೆ, ಚಳವಳಿ ಕಲಿಸಿದ್ದು ಇದನ್ನೇನಾ ಅಂತ ನಾವು ಭಾಷಣವನ್ನೇ ಮಾಡಿಬಿಟ್ಟೆವು. ಕೊನೆಗೆ ಒಬ್ಬ ತಂಗಿ ಎದ್ದು ನಿಂತಳು.

'ಅಣ್ಣಾ, ನಿಮ್ಮ ಸ್ವಾಭಿಮಾನನ ಇಸ್ಕೂಲ್ನೋರು ಫೀಸಿಗೆ ತಗಳಲ್ಲ. ನಿಮ್ಗೆ ಸಂಬ್ಳ ಬತ್ತದೆ. ನಾವ್ ಏನ್ ಮಾಡದು ಏಳಿ?'

ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಆದರೆ ಒಂದು ಮಾತು ಆಮೇಲೆ ತಿಳಿಯಿತು. ವಿಳಾಸ ಮುಚ್ಚಿಟ್ಟವಳನ್ನು ನಾವು ಕಟಕಟೆಯಲ್ಲಿ ನಿಲ್ಲಿಸಿದ್ದೆವು. ಬಾಟಲಿ ವಾಪಸು ಇಟ್ಟವನು ಸುಮ್ಮನೆ ಮನೆಗೆ ಹೋಗಿ ಊಟ ಮಾಡಿ ಮಲಗಿದ. ಅವನನ್ನು ಯಾವ ತರಬೇತಿಗೂ ಯಾರೂ ಕರೆಯುವುದಿಲ್ಲ. ತಿದ್ದಬೇಕಾದ್ದು ಯಾವಾಗಲೂ ಕೇರಿಯ ಹೆಂಗಸನ್ನೇ. ಅವಳಿಗೇ ಕೌಶಲ್ಯ ಸಾಲದು, ಅವಳಿಗೇ ಪ್ಯಾಕಿಂಗು ಬಾರದು. ಕೊಳ್ಳುವವನ ಮನಸ್ಸಿನ ರೋಗಕ್ಕೆ ಮಾತ್ರ ಯಾವ ಯೋಜನೆಯೂ ಇಲ್ಲ.

*

ಈಗ ಸಾಲದ ಮಾತು. ಸಂಘ ಅಂದರೆ ಇವತ್ತು ಸಾಲ ಅಂತಲೇ ಅರ್ಥವಾಗಿಬಿಟ್ಟಿದೆ. ಹಿಂದೆ ಹೀಗಿರಲಿಲ್ಲ.

1980ರ ದಶಕದ ನಡುವಿನಲ್ಲಿ ನಮ್ಮ ಕೋಲಾರದ ಕಡೆ ದೊಡ್ಡ ಸಹಕಾರಿ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನರ ಸಣ್ಣ ಗುಂಪುಗಳು ಹುಟ್ಟಿಕೊಂಡವು. ಮೈರಾಡ ಸಂಸ್ಥೆ ಅವುಗಳಿಗೆ ಒತ್ತಾಸೆಯಾಗಿ ನಿಂತಿತು. 1992ರಲ್ಲಿ ನಬಾರ್ಡ್ ಐನೂರು ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000ದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಬಂತು. ಇದರಿಂದ ಆದ ಒಳ್ಳೆಯದನ್ನು ನಾವು ಅಲ್ಲಗಳೆಯುವುದಿಲ್ಲ. ಜೀತವನ್ನು ಕಾಯಿದೆಯಲ್ಲಿ ರದ್ದು ಮಾಡಿದ್ದು 1976ರಲ್ಲಿ. ಆದರೆ ಮಗುವಿಗೆ ಜ್ವರ ಬಂದಾಗ ಇನ್ನೂರು ರೂಪಾಯಿಗೆ ಗೌಡರ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ಕಾಯಿದೆ ತಪ್ಪಿಸಲಿಲ್ಲ. ಅದನ್ನು ತಪ್ಪಿಸಿದ್ದು ಸಂಘದ ಕಬ್ಬಿಣದ ಪೆಟ್ಟಿಗೆ. ತನ್ನಂಥದೇ ಹೆಂಗಸರ ನಡುವೆ ಕೂತು, ಯಾರ ಕಾಲಿಗೂ ಬೀಳದೆ ಇನ್ನೂರು ರೂಪಾಯಿ ಎತ್ತಿಕೊಂಡ ತಾಯಿಯ ಮುಖವನ್ನು ನಾವು ನೋಡಿದ್ದೇವೆ. ಅದು ಸಣ್ಣ ಸಂಗತಿಯಲ್ಲ.

ಪಕ್ಕದ ಆಂಧ್ರದ ಕಥೆಯನ್ನು ಕೇಳಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲಿ ಅಕ್ಷರ ಕಲಿಯಲು ರಾತ್ರಿ ಸೇರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಬಹುಪಾಲು ದಲಿತರು, ಕೂಲಿ ಮಾಡುವವರು. ಆ ಕಿಚ್ಚು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, 1993ರಲ್ಲಿ ಸರ್ಕಾರ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಬೇಕಾಯಿತು. ಅಕ್ಷರ ಕಲಿಯಲು ಕೂತವರು ಸರ್ಕಾರವನ್ನೇ ಅಲ್ಲಾಡಿಸಿದರು. ಆಮೇಲೆ ಸರ್ಕಾರ ಏನು ಮಾಡಿತು ಗೊತ್ತೆ? ಅದೇ ಹೆಂಗಸರನ್ನು ಕೂಡಿಸಿ, ಸಾರಾಯಿಗೆ ಹೋಗುತ್ತಿದ್ದ ರೂಪಾಯಿಯನ್ನು ಉಳಿತಾಯ ಮಾಡಿ ಅಂತ ಉಳಿತಾಯ ಸಂಘ ಮಾಡಿಸಿತು. ಉಳಿತಾಯ ಒಳ್ಳೆಯದೇ. ಆದರೆ ನಿಧಾನವಾಗಿ ಸಂಘದಲ್ಲಿ ಸಾರಾಯಿಯ ಮಾತು ಹೋಯಿತು, ಕೂಲಿಯ ಮಾತು ಹೋಯಿತು, ಕಂತಿನ ಮಾತು ಒಂದೇ ಉಳಿಯಿತು. ಅದೇ ದಾರಿಯಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳು ನುಗ್ಗಿದವು. 2010ರಲ್ಲಿ ವಸೂಲಿಯ ಕಾಟಕ್ಕೆ ಸಾಲಗಾರರು ಆತ್ಮಹತ್ಯೆ ಮಾಡಿಕೊಳ್ಳುವಂತಾಗಿ, ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹದಿನೈದು ವರ್ಷದ ನಂತರ, 2025ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕವೂ ಅಂಥದೇ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ.

ಕಾಯಿದೆ ಬಂದದ್ದು ಸರಿ. ಆದರೆ ಕಾಯಿದೆ ಮುಟ್ಟದ ಒಂದು ಸಂಗತಿ ಇದೆ. ಈ ಕಂಪನಿಗಳು ಅಡಮಾನ ಇಲ್ಲದೆ ಸಾಲ ಕೊಡುತ್ತೇವೆ ಅನ್ನುತ್ತವೆ. ಸುಳ್ಳು. ಅಡಮಾನ ಇದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅನ್ನುವ ಕರಾರೇ ಅಡಮಾನ. ಅಂದರೆ ಅವರು ಒತ್ತೆ ಇಟ್ಟುಕೊಂಡಿರುವುದು ಹೆಂಗಸರ ಗೆಳೆತನವನ್ನು, ಅಕ್ಕಪಕ್ಕದ ಮನೆಯ ನಂಬಿಕೆಯನ್ನು, ಮಾನವನ್ನು. ನಮ್ಮ ಕೇರಿಯಲ್ಲಿ ಒಬ್ಬ ತಾಯಿ ಮೂರು ಕಂತು ತಪ್ಪಿದಳು. ವಸೂಲಿಯವನು ಬಂದು ಅವಳ ಬಾಗಿಲಲ್ಲಿ ಕೂರಲಿಲ್ಲ. ಸಂಘದ ಉಳಿದ ಒಂಬತ್ತು ಜನರನ್ನು ಕರೆದು ಕೂರಿಸಿದ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರೂ ಕೂಲಿಗೆ ಹೋಗುವ ಹಾಗಿಲ್ಲ. ಮಾರನೇ ದಿನ ಆ ಒಂಬತ್ತು ಜನವೇ ಅವಳ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದರು. ಹದಿನೈದು ದಿನಕ್ಕೆ ಅವಳು ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಬೆಂಗಳೂರಿನ ಬಸ್ಸು ಹತ್ತಿದಳು. ಇವತ್ತಿಗೂ ಆ ಮನೆಗೆ ಬೀಗ. ಆ ಒಂಬತ್ತು ಜನರಲ್ಲಿ ಒಬ್ಬಳ ಮಗುವಿಗೆ ಅವಳು ಎದೆಹಾಲು ಕೊಟ್ಟಿದ್ದಳು. ಕಂಪನಿಯವನಿಗೆ ಒಂದು ಬೈಗುಳವೂ ಬೀಳಲಿಲ್ಲ.

ಒಬ್ಬಳಿಗೆ ಕಷ್ಟ ಬಂದರೆ ಹತ್ತು ಜನ ನಿಲ್ಲಲಿ ಅಂತ ಸಂಘ ಹುಟ್ಟಿತು. ಒಬ್ಬಳಿಗೆ ಕಷ್ಟ ಬಂದರೆ ಒಂಬತ್ತು ಜನ ಪೊಲೀಸರಾಗುವಂತೆ ಅದನ್ನು ತಿರುಗಿಸಲಾಯಿತು.

*

ಇಲ್ಲಿ ನಮ್ಮ ಮುಖ್ಯ ಪ್ರಶ್ನೆ ಬರುತ್ತದೆ. ನಿಜವಾಗಿ ಸಾಲಗಾರರು ಯಾರು?

ದೊಡ್ಡವ್ವನ ಲೆಕ್ಕವನ್ನೇ ತೆಗೆಯೋಣ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಅನ್ನುವ ಕಾಯಿದೆ 1976ರಲ್ಲೇ ಆಗಿದೆ. ಆದರೂ ನಮ್ಮ ಸೀಮೆಯ ಹೊಲದಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ವ್ಯತ್ಯಾಸವನ್ನು ಬಹಳ ಕಡಿಮೆ ಮಾಡಿ, ಇವತ್ತಿನ ದರದಲ್ಲಿ ದಿನಕ್ಕೆ 50 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 150 ದಿನ ಕೂಲಿ ಅಂದರೆ 7,500. ನಲವತ್ತು ವರ್ಷಕ್ಕೆ 3 ಲಕ್ಷ ರೂಪಾಯಿ. ಇದು ಬರೀ ಹೆಣ್ಣಾಗಿದ್ದಕ್ಕೆ ಹಿಡಿದುಕೊಂಡ ದುಡ್ಡು. ಹೆರಿಗೆ ಮಾಡಿಸಿದ್ದಕ್ಕೆ ಒಂದು ಸೇರು ರಾಗಿ ಕೊಟ್ಟು ಕಳಿಸಿದ್ದನ್ನು ಲೆಕ್ಕ ಹಿಡಿದಿಲ್ಲ. ಮನೆಯೊಳಗಿನ ದುಡಿಮೆ ಹಿಡಿದಿಲ್ಲ. ಬಡ್ಡಿ ಹಾಕಿಲ್ಲ. ಅಂಥವಳನ್ನು 30,000 ರೂಪಾಯಿ ಸಾಲಕ್ಕೆ ಬಾಕಿದಾರಳು ಅಂತ ಬೀದಿಯಲ್ಲಿ ನಿಲ್ಲಿಸುತ್ತಾರೆ. ಸ್ವಾವಲಂಬನೆ ಕಲಿ ಅಂತ ಬುದ್ಧಿ ಹೇಳುತ್ತಾರೆ. ಯಾರ ಮೇಲೆ ಯಾರು ಅವಲಂಬಿಸಿದ್ದರು? ಅವಳು ನಾಟಿ ಹಾಕದಿದ್ದರೆ ಊರು ಉಣ್ಣುತ್ತಿರಲಿಲ್ಲ. ಅವಳು ಯಾವತ್ತೂ ಯಾರ ಮೇಲೂ ಕೂತು ಉಂಡವಳಲ್ಲ.

ಹೀಗೆ ನೋಡಿದರೆ ಯೋಜನೆ ಅನ್ನುವುದರ ಅರ್ಥವೇ ಬದಲಾಗುತ್ತದೆ. ಅದು ದಾನವಲ್ಲ, ಬಾಕಿ ತೀರಿಸುವ ಒಂದು ಕಂತು. ದಾನ ತಗೊಂಡವರು ಕೃತಜ್ಞರಾಗಿರಬೇಕು, ಫೋಟೋಗೆ ನಿಲ್ಲಬೇಕು. ಬಾಕಿ ವಸೂಲಿ ಮಾಡುವವರು ಎಣಿಸಿ ನೋಡುತ್ತಾರೆ, ಕಡಿಮೆ ಇದ್ದರೆ ಕೇಳುತ್ತಾರೆ. ಯೋಜನೆ ಸರಿಯಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡಬೇಕಾದವಳು ಸಾಲ ಕೊಟ್ಟವಳೇ, ಅಂದರೆ ನಮ್ಮ ದೊಡ್ಡವ್ವ.

ಯೋಗಕ್ಷೇಮವನ್ನೂ ಹೀಗೆಯೇ ನೋಡಬೇಕು. ರಕ್ತ ಕಡಿಮೆ ಇದೆ, ಸೊಪ್ಪು ತಿನ್ನಿ, ಚಿಂತೆ ಬಿಡಿ ಅಂತ ಕ್ಲಾಸು ತೆಗೆದುಕೊಳ್ಳುತ್ತಾರೆ. ಸೊಪ್ಪಿನ ಹೆಸರು ಕ್ಲಾಸು ತೆಗೆದುಕೊಳ್ಳುವವರಿಗಿಂತ ದೊಡ್ಡವ್ವನಿಗೇ ಹೆಚ್ಚು ಗೊತ್ತು. ಸೊಪ್ಪು ಬೆಳೆಯುತ್ತಿದ್ದ ಗೋಮಾಳ ಎಲ್ಲಿ ಹೋಯಿತು, ಕಡೆಗೆ ಉಣ್ಣುವವಳ ಪಾಲಿಗೆ ತಳ ಮಾತ್ರ ಯಾಕೆ ಉಳಿಯುತ್ತದೆ, ಇದರ ಬಗ್ಗೆ ಕ್ಲಾಸು ಇಲ್ಲ. ಆದರೂ ಕ್ಷೇಮ ಅನ್ನುವುದು ಸಂಘದಲ್ಲಿ ಸಿಕ್ಕಿದೆ. ಕ್ಲಾಸಿನಿಂದಲ್ಲ, ಕೂತಿದ್ದರಿಂದ. ವಾರಕ್ಕೊಮ್ಮೆ ಒಂದು ಗಂಟೆ ಯಾರಿಗೂ ಬಡಿಸದೆ, ಏನನ್ನೂ ತೊಳೆಯದೆ, ತಮ್ಮ ಮಾತು ತಾವು ಆಡಿಕೊಂಡು ಕೂರುವುದಕ್ಕೆ ನಮ್ಮ ಹೆಂಗಸರಿಗೆ ಸಿಕ್ಕ ಮೊದಲ ಜಾಗ ಅದು.

1989ರಲ್ಲಿ ಶುರುವಾದ ಮಹಿಳಾ ಸಮಖ್ಯ ಇದನ್ನು ತಿಳಿದಿತ್ತು. ನಮ್ಮಲ್ಲಿ ಬೀದರ್, ವಿಜಯಪುರ, ಮೈಸೂರು ಕಡೆ ಮೊದಲು ಬಂತು. ಸಾಲ ಕೊಡಲಿಲ್ಲ, ಮೆಷಿನ್ನು ಕೊಡಲಿಲ್ಲ, ಇಷ್ಟು ತಿಂಗಳಲ್ಲಿ ಇಷ್ಟು ಗುರಿ ಅಂತ ಹೇರಲಿಲ್ಲ. ಕೂರಿ, ಮಾತಾಡಿ, ನಿಮಗೇನು ಬೇಕು ಅಂತ ನೀವೇ ಗೊತ್ತು ಮಾಡಿಕೊಳ್ಳಿ ಅಂದಿತು. ಹಾಗೆ ಕೂತ ಹೆಂಗಸರು ಪಂಚಾಯಿತಿಯನ್ನು ಪ್ರಶ್ನಿಸಿದರು, ಬಾಲ್ಯವಿವಾಹ ನಿಲ್ಲಿಸಿದರು. ಅಂಥ ಯೋಜನೆಗೆ ಕೇಂದ್ರದ ನೆರವು ನಿಂತುಹೋಗಿ ವರ್ಷಗಳಾದವು. ಸಾಲ ಕೊಡುವ ಯೋಜನೆಗಳು ಮಾತ್ರ ಬೆಳೆಯುತ್ತಲೇ ಇವೆ. ಯಾಕೆ ಅಂತ ಓದುಗರೇ ಯೋಚಿಸಲಿ.

ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಕಟ್ಟಿಕೊಂಡ ಸಂಘಗಳಲ್ಲಿ ಇರುವವರು ಬಹುಪಾಲು ದಲಿತ ಹೆಂಗಸರು. ಸರ್ಕಾರ ಹಂಚಿದ್ದ ಬರಡು ನೆಲವನ್ನು ಉತ್ತು ಜೋಳ, ನವಣೆ, ತೊಗರಿ ಬೆಳೆದರು. ಊರೂರಿಗೆ ಬೀಜದ ಮಡಕೆ ಇಟ್ಟರು. ಅಕ್ಕಿ ಕೊಡುವ ರೇಷನ್ ಅಂಗಡಿಗೆ ಎದುರಾಗಿ ತಾವೇ ಜೋಳದ ಪಡಿತರ ನಡೆಸಿದರು. 2008ರಲ್ಲಿ ತಮ್ಮದೇ ಸಂಘಂ ರೇಡಿಯೋ ಶುರು ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅಲ್ಲಿ ದೊಡ್ಡವ್ವನಂಥ ಹೆಂಗಸಿನ ಬೀಜದ ಅರಿವನ್ನೇ ಬಂಡವಾಳ ಅಂತ ಎಣಿಸಿದರು. ನೆಲ, ಬೀಜ, ಮಾತು ಮೂರೂ ಅವಳ ಕೈಗೇ ಬಂದಾಗ 'ಇಲ್ಲ' ಅನ್ನುವ ಕಾಲಂ ಉಳಿಯಲಿಲ್ಲ.

ಜೊತೆಗೆ ನಿಲ್ಲುವುದು ಅಂದರೇನು ಅನ್ನುವುದಕ್ಕೆ ಇನ್ನೊಂದು ಸಂಗತಿ. ಗುಜರಾತಿನ ಸೇವಾ ಸಂಘಟನೆ 1972ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿ ಕಾರ್ಮಿಕ ಸಂಘದ ಮಡಿಲಲ್ಲೇ ಹುಟ್ಟಿದ್ದು. 1981ರಲ್ಲಿ ಅಲ್ಲಿ ಮೀಸಲಾತಿ ವಿರುದ್ಧ ಗಲಭೆಯೆದ್ದಾಗ ಇಳಾ ಭಟ್ ಮತ್ತು ಸೇವಾ ದಲಿತರ ಪರ ಮಾತಾಡಿದರು. ಆ ಕಾರಣಕ್ಕೆ ಮಾತೃಸಂಘ ಅವರನ್ನು ಹೊರಹಾಕಿತು. ನಮ್ಮಲ್ಲಿಗೆ ಬರುವ ಯೋಜನೆಯವರು ನಾವು ಜಾತಿ, ರಾಜಕೀಯ ಮಾತಾಡುವುದಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೇರಿಗೆ ಬಂದು ಜಾತಿ ಮಾತಾಡುವುದಿಲ್ಲ ಅಂದರೆ ಊರಿನ ಕಡೆ ನಿಂತ ಹಾಗೆಯೇ.

*

ಬೇರೆಯವರಿಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮಾತು ನಾವು ಹೇಳದಿದ್ದರೆ ತಪ್ಪಾಗುತ್ತದೆ. ಚಳವಳಿಯ ನಾವು, ಗಂಡಸರು, ಈ ಸಂಘಗಳನ್ನು ವರ್ಷಗಟ್ಟಲೆ ಲೇವಡಿ ಮಾಡಿದೆವು. ಇದೆಲ್ಲ ಹೋರಾಟದ ಕಾವು ಆರಿಸುವ ಹುನ್ನಾರ ಅಂದೆವು. ಸ್ವಲ್ಪ ನಿಜವೂ ಇತ್ತು. ಆದರೆ ನಮ್ಮ ಸಭೆಗಳಲ್ಲಿ ಹೆಂಗಸರಿಗೆ ನಾವು ಕೊಟ್ಟ ಜಾಗ ಯಾವುದು? ಸಮಾವೇಶಕ್ಕೆ ಮುದ್ದೆ ತೊಳಸಿದವರು ಅವರು, ವೇದಿಕೆ ಮೇಲೆ ಕೂತವರು ನಾವು. ಅವ್ವನ ಮೇಲೆ ಪದ್ಯ ಬರೆದೆವು. ಅವ್ವ ಸಂಘದಿಂದ ತಂದ ಸಾಲದಲ್ಲಿ ಬೈಕು ತಗೊಂಡೆವು. ಕಂತು ಕಟ್ಟಿದವಳು ಅವ್ವ. ದೊಡ್ಡವ್ವನ ಸಾಲಗಾರರ ಪಟ್ಟಿಯಲ್ಲಿ ಊರಿನ ಗೌಡರ ಹೆಸರಿನ ಕೆಳಗೆ ನಮ್ಮ ಹೆಸರೂ ಇದೆ. ಇದನ್ನು ಒಪ್ಪಿಕೊಳ್ಳದೆ ನಾವು ಯಾವ ಯೋಜನೆಯವರಿಗೂ ಪ್ರಶ್ನೆ ಕೇಳುವ ಹಾಗಿಲ್ಲ.

ಹಾಗಾದರೆ ಯೋಜನೆಗಳು ಬಂದಾಗ ಬಾಗಿಲು ಹಾಕಿಕೊಳ್ಳಬೇಕೇ? ಬೇಡ. ಬಾಕಿ ತೀರಿಸಲು ಬಂದವರನ್ನು ಯಾರೂ ವಾಪಸು ಕಳಿಸುವುದಿಲ್ಲ. ಆದರೆ ಎಣಿಸಿಕೊಳ್ಳಬೇಕು. ಬೆಲೆ ಯಾರು ಕಟ್ಟುತ್ತಾರೆ? ಮಾಲು ಕೊಳ್ಳುವವರು ಯಾರು, ಹಾಸ್ಟೆಲ್ಲು, ಅಂಗನವಾಡಿ, ಸರ್ಕಾರಿ ಕಚೇರಿಗಳು ಕೇರಿಯ ಸಂಘದಿಂದ ಕೊಳ್ಳುತ್ತವೆಯೇ? ಒಬ್ಬಳು ತಪ್ಪಿದರೆ ಉಳಿದವರನ್ನು ಹಿಡಿಯುತ್ತೀರಾ? ನೆಲದ ಮಾತು, ಕೂಲಿಯ ಮಾತು, ಜಾತಿಯ ಮಾತು ಸಂಘದಲ್ಲಿ ಆಡಬಹುದೇ? ಕೊನೆಯದಾಗಿ, ಈ ಯೋಜನೆ ಮುಗಿದಾಗ ನಮ್ಮ ಹೆಣ್ಣುಮಕ್ಕಳಿಗೆ 'ಬೇಡ' ಅನ್ನುವ ಶಕ್ತಿ ಮೊದಲಿಗಿಂತ ಹೆಚ್ಚಾಗಿರುತ್ತದೆಯೇ? ಕಡಿಮೆ ಕೂಲಿ ಬೇಡ, ಈ ಸಾಲ ಬೇಡ, ಈ ಗಂಡ ಬೇಡ, ಈ ಕಸುಬು ಬೇಡ. ಅಷ್ಟಾದರೆ ಎಂಟು ಮೆಷಿನ್ನಿನ ಮೇಲೆ ಟಿವಿ ಕೂತರೂ ನಮಗೆ ದುಃಖವಿಲ್ಲ.

ಆ ಫಾರಂ ತುಂಬಿಸಿಕೊಂಡ ಹುಡುಗಿ ಎರಡು ತಿಂಗಳ ನಂತರ ಮತ್ತೆ ಬಂದಳು. ಆ ಕಾಲಂ ತಿದ್ದಿಬಿಡಮ್ಮ ಅಂತ ನಾವು ಕೇಳಿದೆವು. ದೊಡ್ಡವ್ವನ ಕೆಲಸಗಳ ಪಟ್ಟಿಯನ್ನೇ ಬರೆದಿಟ್ಟುಕೊಂಡಿದ್ದೆವು. ಅವಳು ಓದಿದಳು. 'ಫಾರಂ ಮೇಲಿಂದ ಬಂದಿರೋದು ಸಾರ್, ಇವಕ್ಕೆಲ್ಲ ಕೋಡ್ ನಂಬರ್ ಇಲ್ಲ' ಅಂದಳು. ಆಮೇಲೆ ಸಣ್ಣ ದನಿಯಲ್ಲಿ, ತನಗೂ ಮೂರು ತಿಂಗಳಿಂದ ಸಂಬಳ ಆಗಿಲ್ಲ, ಗುತ್ತಿಗೆ ಕೆಲಸ ಅಂದಳು. ದೊಡ್ಡವ್ವ ಅವಳನ್ನು ಕೂರಿಸಿ ಮುದ್ದೆ, ಬೆರಕೆ ಸೊಪ್ಪಿನ ಸಾರು ಬಡಿಸಿದಳು. ಹುಡುಗಿ ಎರಡನೇ ಸಲ ಹಾಕಿಸಿಕೊಂಡು ಉಂಡಳು. ಫಾರಂನಲ್ಲಿ ಮಾತ್ರ 'ಇಲ್ಲ' ಹಾಗೆಯೇ ಇದೆ.

ಹಳ್ಳಿ ಮೇಷ್ಟ್ರುಗಳೇ, ಓದುವ ಹುಡುಗ ಹುಡುಗಿಯರೇ, ನಿಮ್ಮ ಕೇರಿಗೂ ಇಂಥ ಫಾರಂ ಬರುತ್ತದೆ. ಅವತ್ತು ನಿಮ್ಮ ಅವ್ವನ ಪಕ್ಕದಲ್ಲಿ ಕೂತುಕೊಳ್ಳಿ. ಆ ಕಾಲಂ ಬಂದಾಗ ಅವಳು 'ನಂಗೇನೂ ಬರಲ್ಲ' ಅನ್ನುವ ಮುಂಚೆ ಅವಳ ಕೆಲಸಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಹೇಳಿ. ಫಾರಂನಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಅಂಟಿಸಿ.